ಕಣ್ಣು ಮುಚ್ಚಿ ಹೇಳಿದ ಮಾತು

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ರಾಯಚೂರಿನಲ್ಲಿ ಒಬ್ಬಳೇ ಇದ್ದೇನೆ, ಬಾಯಿ ಸ್ವಲ್ಪ ಜೋರು. ಇದನ್ನೆಲ್ಲ ನೋಡಿಯೇ ನಮ್ಮ ಸಭೆಯ ಪಾಸ್ಟರು ಒಂದು ಕೆಲಸ ತಂದು ನನ್ನ ಕೊರಳಿಗೆ ಕಟ್ಟಿದರು. ಹರೆಯಕ್ಕೆ ಬಂದ ಮಕ್ಕಳ ಜೊತೆ ಮೈಯ ವಿಷಯ, ಪ್ರೀತಿಯ ವಿಷಯ, ದೇವರ ವಿಷಯ ಎಲ್ಲವನ್ನೂ ಬಿಚ್ಚಿ ಮಾತಾಡುವುದು ಹೇಗೆ ಎಂದು ಸುತ್ತಲಿನ ಊರುಗಳ ವಿಶ್ವಾಸಿ ತಂದೆತಾಯಿಗಳಿಗೆ ತಿಳಿಸಿ ಬರಬೇಕಂತೆ. ‘ನಮಗ ಆಗಂಗಿಲ್ಲ ಸಿಸ್ಟರ್, ನಾಚಿಕಿ ಬರ್ತದ’ ಎಂದರು. ನನಗೆ ನಾಚಿಕೆ ಎಂಬುದೇ ಇಲ್ಲವೆಂದು ಅವರೇ ತೀರ್ಮಾನಿಸಿದ್ದರು.

ಮೊದಲ ಕೂಟ ದೇವದುರ್ಗದಲ್ಲಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಜಮಖಾನದ ಮೇಲೆ ಕೂತಿದ್ದರು. ‘ನಿಮ್ಮ ಮಗಳು ದೊಡ್ಡಾಕಿ ಆದಾಗ ಆಕಿಗೆ ಯಾರು ತಿಳಿಸಿ ಹೇಳಿದ್ರಿ?’ ಎಂದು ಕೇಳಿದೆ. ಗಂಡಸರೆಲ್ಲ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಹಿರಿಯರೊಬ್ಬರು ಎದ್ದು ನಿಂತು, ‘ಸಿಸ್ಟರ್, ಮದ್ಲ ಒಂದು ಪ್ರಾರ್ಥನಾ ಮಾಡೋಣು’ ಎಂದರು. ಮಾಡಿದೆವು. ಅದು ಮುಗಿಯುವಷ್ಟರಲ್ಲಿ ಅಡುಗೆಯವರು ಊಟಕ್ಕೆ ಕರೆದರು. ಬಸ್ಸಿನಲ್ಲಿ ಒಬ್ಬಳೇ ನಗುತ್ತ ವಾಪಸು ಬಂದೆ.

ಎರಡನೆಯದು ಮಾನ್ವಿಯಲ್ಲಿ. ಅಲ್ಲಿ ನನ್ನ ತಮ್ಮನ ಮನೆಯಿದೆ. ರೈಸ್ ಮಿಲ್ಲಿನಲ್ಲಿ ಮಷಿನ್ ನೋಡಿಕೊಳ್ಳುವ ಕೆಲಸ ಅವನದು, ಅಲ್ಲಿಯ ಸಭೆಯ ಹಿರಿಯರಲ್ಲಿ ಒಬ್ಬ. ಹೆಂಡತಿ ಬಾಯಿಲ್ಲದವಳು. ಒಬ್ಬಳೇ ಮಗಳು, ಪಿಯುಸಿ ಓದುತ್ತಿದ್ದಳು. ಕೂಟದ ಹಿಂದಿನ ದಿನವೇ ಹೋಗಿ ಅವರ ಮನೆಯಲ್ಲಿ ಇಳಿದುಕೊಂಡೆ.

ಆ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಅದು ಆ ಮನೆಯೊಂದರದೇ ಅಲ್ಲ, ನನ್ನ ತವರಿನದೂ ಹೌದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಚಾಪೆಯ ಮೇಲೆ ಕೂತು, ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಎದುರೆದುರು ಹೇಳಲು ಆಗದ್ದೆಲ್ಲ ಅಲ್ಲಿ ಹೊರಬೀಳುತ್ತಿತ್ತು. ತಮ್ಮನ ಹೆಂಡತಿಯ ಗರ್ಭಕೋಶ ತೆಗೆಯಬೇಕೆಂದು ಡಾಕ್ಟರು ಹೇಳಿದ್ದನ್ನು ಅವನು ಕೇಳಿದ್ದು ಅವಳ ಪ್ರಾರ್ಥನೆಯಲ್ಲಿ. ಮಿಲ್ಲಿನಲ್ಲಿ ಅವನಿಗೆ ಅವಮಾನವಾದದ್ದನ್ನು ಅವಳು ಕೇಳಿದ್ದು ಅವನ ಪ್ರಾರ್ಥನೆಯಲ್ಲಿ. ಮಗಳು ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಂತರೆ ಆ ಸಂಜೆಯೇ, ‘ತಂದೆಯೇ, ಈ ಮನೆಯಲ್ಲಿ ವ್ಯರ್ಥಾಲಂಕಾರದ ಆತ್ಮವು ಪ್ರವೇಶಿಸದಿರಲಿ’ ಎಂದು ಅಪ್ಪನ ದನಿ ಏಳುತ್ತಿತ್ತು. ದಿನವಿಡೀ ಮಾನ್ವಿಯ ಮಾತಾಡುವವನು ದೇವರ ಮುಂದೆ ಮಾತ್ರ ಅಚ್ಚಾದ ಕನ್ನಡಕ್ಕೆ ಹೊರಳುತ್ತಿದ್ದ. ಬೈಗುಳವೂ ಹೌದು, ಭಕ್ತಿಯೂ ಹೌದು. ನಾವು ಅಕ್ಕ ತಮ್ಮ ಇಬ್ಬರೂ ಹಾಗೆಯೇ ಬೆಳೆದವರು, ಹಾಗಾಗಿ ಇದರಲ್ಲಿ ಏನೋ ವಿಚಿತ್ರವಿದೆ ಎಂದು ನನಗೆ ಆವರೆಗೆ ಅನ್ನಿಸಿರಲಿಲ್ಲ.

ಅಂದು ಮಧ್ಯಾಹ್ನ ಹುಡುಗಿ ನನ್ನನ್ನು ಮಾಳಿಗೆಗೆ ಕರೆದಳು. ಒಣಹಾಕಿದ ಬಟ್ಟೆಗಳ ನಡುವೆ ನಿಂತು, ನನ್ನ ಮುಖ ನೋಡದೆ ಹೇಳಿದಳು: ‘ಅತ್ತಿ, ನನಗ ಹುಡುಗುರ ಮ್ಯಾಲ ಮನಸ ಹೋಗಂಗಿಲ್ಲ. ಕ್ಲಾಸಿನ್ಯಾಗ ಒಬ್ಬಾಕಿ ಅದಾಳ. ಆಕಿ ಒಂದಿನ ಬರ್ಲಿಲ್ಲಂದ್ರ ನನಗ ಊಟ ಸೇರಂಗಿಲ್ಲ. ಆಕಿಗೆ ಏನೂ ಗೊತ್ತಿಲ್ಲ.’

ನರ್ಸಾಗಿ ನಾನು ಏನೇನೋ ಕೇಳಿದವಳು. ಆದರೂ ಒಣಗಿದ ಸೀರೆಯೊಂದನ್ನು ಎಳೆದುಕೊಂಡು ಮಡಚತೊಡಗಿದೆ. ಹುಡುಗಿ ಅಷ್ಟಕ್ಕೇ ನಿಲ್ಲಿಸಲಿಲ್ಲ.

‘ದಿನಾ ದೇವರನ್ನ ಕೇಳಾಕತ್ತೀನಿ ಅತ್ತಿ. ನಾ ನಿನಗ ಬ್ಯಾಡಾಗೀನೇನು ಅಂತ. ಬ್ಯಾಡ ಅಂತ ಅವ ಒಮ್ಮಿನೂ ಅಂದಿಲ್ಲ.’

‘ಅನ್ನಂಗೂ ಇಲ್ಲ’ ಎಂದೆ. ನನಗೆ ಅಷ್ಟು ಖಾತ್ರಿಯಿತ್ತೋ ಇಲ್ಲವೋ, ಆ ಹುಡುಗಿಯ ಮುಖ ನೋಡಿದ ಮೇಲೆ ಬೇರೆ ಮಾತು ಬರುವಂತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ, ಅವ್ವನಿಗೆ ಇದು ತಿಳಿಯಬೇಕು, ತಿಳಿದ ಮೇಲೂ ಅವ್ವ ಅವ್ವನಾಗಿಯೇ ಇರಬೇಕು. ‘ನಾನ ಹೇಳ್ತೀನಿ. ನೀವು ಬಾಜೂಕ ಕುಂದರ್ರಿ ಸಾಕು’ ಎಂದಳು.

ಅಡುಗೆಮನೆಯಲ್ಲಿ ಹೇಳಿದಳು. ಅವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ. ಎಲ್ಲ ಕೇಳಿ, ‘ಹ್ಞೂಂ’ ಎಂದಳು. ಮೊರ ಪಕ್ಕಕ್ಕಿಟ್ಟು, ‘ಚಾ ಇಡ್ಲೇನು ಅಕ್ಕಾರ?’ ಎಂದು ನನ್ನನ್ನು ಕೇಳಿದಳು. ಹುಡುಗಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಬೈಗುಳವಿಲ್ಲ, ಅಳುವಿಲ್ಲ, ಗಂಡಾಂತರ ಕಳೆಯಿತು ಎಂದೇ ನಾವಿಬ್ಬರೂ ತಿಳಿದೆವು.

ಅಂದು ಸಂಜೆ ಮನೆಕೂಟವಿತ್ತು. ಓಣಿಯ ವಿಶ್ವಾಸಿಗಳು ಬಂದಿದ್ದರು, ಪೋತ್ನಾಳದಿಂದ ಒಂದು ಕುಟುಂಬ ಬಂದಿತ್ತು. ಹಾಡು ಮುಗಿದು ಪ್ರಾರ್ಥನೆ ಶುರುವಾಯಿತು. ತಮ್ಮನದಾಯಿತು, ನನ್ನದಾಯಿತು. ಅವನ ಹೆಂಡತಿಯ ಸರದಿ ಬಂತು. ಮೊದಲು ಸ್ತೋತ್ರ ಹೇಳಿದಳು. ಆಮೇಲೆ ಪುಸ್ತಕದ ಕನ್ನಡ ಬಿಟ್ಟು ಅಡುಗೆಮನೆಯ ಕನ್ನಡಕ್ಕೆ ಇಳಿದಳು.

‘ಯಪ್ಪಾ ದೇವರೇ, ನನ್ನ ಮಗಳು ಹುಡುಗೀನ ಮೆಚ್ಯಾಳಂತ. ನಾ ಏನ ಮಾಡ್ಲಿ. ಆಕಿ ಅಪ್ಪಗ ನಾ ಹೆಂಗ ಹೇಳ್ಲಿ. ನೀನ ಬಿಡಸು ಯಪ್ಪಾ.’

ಅವಳು ಮೋಸ ಮಾಡಲಿಲ್ಲ. ಗಂಡನಿಗೆ ಕಷ್ಟದ ಮಾತು ಹೇಳಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಕಣ್ಣು ಮುಚ್ಚಿದವರಿಗೆ ಸುತ್ತ ಯಾರು ಕೂತಿದ್ದಾರೆಂಬುದು ಮರೆತುಹೋಗುತ್ತದೆ. ಆದರೆ ಸುತ್ತ ಕೂತವರ ಕಿವಿಗಳು ತೆರೆದೇ ಇರುತ್ತವೆ. ಪೋತ್ನಾಳದ ಹೆಣ್ಣುಮಗಳು ‘ಹೌದು ಕರ್ತಾ, ಬಿಡಿಸು ಕರ್ತಾ’ ಎಂದು ದನಿಗೂಡಿಸಿದಳು. ಎಲ್ಲರೂ ಆಮೆನ್ ಎಂದರು. ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ, ಚಹ ಬಂದವು. ತಟ್ಟೆ ಹಂಚಿದವಳು ಆ ಹುಡುಗಿಯೇ. ಒಬ್ಬರೂ ಅವಳ ಮುಖ ನೋಡಲಿಲ್ಲ.

ಮರುದಿನ ನಾನು ಕೂಟದಲ್ಲಿ ಅದೇನು ಮಾತಾಡಿದೆನೋ ನೆನಪಿಲ್ಲ. ಮುಗಿಸಿ ಬಂದು ತಮ್ಮನನ್ನು ಹಿಡಿದುಕೊಂಡೆ.

‘ಮಗಳ ಕೂಡ ಮಾತಾಡಿದೇನು?’

‘ನಸಿಕಿನ್ಯಾಗ ಎದ್ದು ಪ್ರಾರ್ಥನಾ ಮಾಡೀನಿ ಅಕ್ಕ.’

‘ದೇವರ ಕೂಡ ಅಲ್ಲೋ, ಮಗಳ ಕೂಡ. ಆಕಿ ಒಳಗ ಕುಂತಾಳ, ನಡುವ ಒಂದ ಗ್ವಾಡಿ ಅದ.’

ಅವನು ತಲೆ ತಗ್ಗಿಸಿದ. ‘ನನಗ ಮಾತ ಬರಂಗಿಲ್ಲ ಅಕ್ಕ. ಏನಂತ ಕೇಳ್ಲಿ? ನಮ್ಮಪ್ಪ ನಮ್ಮನ್ನ ಎಂದರ ಏನರ ಕೇಳ್ಯಾನೇನು?’

ನನಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು. ಅವನು ಹೇಳಿದ್ದು ಖರೆಯೇ ಇತ್ತು. ಊರೂರು ತಿರುಗಿ ತಂದೆತಾಯಿಗಳಿಗೆ ಬುದ್ಧಿ ಹೇಳಲು ಹೊರಟವಳಿಗೆ ಸ್ವಂತ ತಮ್ಮನ ಬಾಯಿಂದ ಒಂದು ಮಾತು ಹೊರಡಿಸಲು ಆಗಲಿಲ್ಲ. ರಾಯಚೂರಿಗೆ ಬಂದವಳೇ ಪಾಸ್ಟರಿಗೆ ಫೋನು ಮಾಡಿ, ಇನ್ನು ನನ್ನನ್ನು ಎಲ್ಲಿಗೂ ಕಳಿಸಬೇಡಿ ಎಂದೆ.

ಅಂದಿನಿಂದ ಪ್ರತಿ ಸಂಜೆ ಆ ಮನೆಯಲ್ಲಿ ಅದೇ ಪ್ರಾರ್ಥನೆ ನಡೆಯಿತು. ಅಪ್ಪ ಮಗಳಿಗೆ ಊಟ ಆಯ್ತೇನು ಎಂದು ಕೇಳುವುದನ್ನೂ ಬಿಟ್ಟಿದ್ದ. ಅವಳ ಬಗ್ಗೆ ಏನಿದ್ದರೂ ದೇವರಿಗೆ ಹೇಳುತ್ತಿದ್ದ. ಸಭೆಯ ಹುಡುಗಿಯರು ಅವಳ ಪಕ್ಕದಲ್ಲಿ ಕೂರುವುದನ್ನು ಬಿಟ್ಟರು. ಇದನ್ನೆಲ್ಲ ಅವಳು ಫೋನಿನಲ್ಲಿ ನನಗೆ ಹೇಳುತ್ತಿದ್ದಳು. ಬರಬರುತ್ತ ಫೋನು ಬರುವುದೂ ಕಡಿಮೆಯಾಯಿತು.

ಕ್ರಿಸ್ಮಸ್ಸಿನ ಹೊತ್ತಿಗೆ ತಮ್ಮ ತಾನಾಗಿಯೇ ಕರೆದ. ಹೋದೆ. ಸಂಜೆ ಮನೆ ತುಂಬ ಜನ. ಹುಡುಗಿಯ ಸರದಿ ಬಂದಾಗ ಅವಳು ಸೆರಗಿನಂತೆ ವೇಲು ಹೊದ್ದು, ಅಪ್ಪನದೇ ಅಚ್ಚಾದ ಕನ್ನಡದಲ್ಲಿ, ಒಂದು ಕಡೆಯೂ ತಡವರಿಸದೆ ಪ್ರಾರ್ಥಿಸಿದಳು. ‘ತಂದೆಯೇ, ದಾರಿ ತಪ್ಪಿದ್ದ ನಿನ್ನ ದಾಸಿಯನ್ನು ನೀನು ಬಿಡಿಸಿದ್ದಕ್ಕಾಗಿ ಸ್ತೋತ್ರ. ನನ್ನ ತಂದೆತಾಯಿಯ ಕಣ್ಣೀರನ್ನು ನೀನು ನೋಡಿದ್ದಕ್ಕಾಗಿ ಸ್ತೋತ್ರ.’ ಅವಳ ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಎದ್ದು ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟ. ‘ನೋಡಿದೇನಕ್ಕ, ನೀ ಮಾತಾಡು ಮಾತಾಡು ಅಂತಿದ್ದಿ. ದೇವರು ಮಾಡಿದ’ ಎಂದ. ಅಷ್ಟು ಸಂತೋಷ ಅವನ ಮುಖದಲ್ಲಿ ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ.

ಮರುದಿನ ಹುಡುಗಿ ನನ್ನ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಬಂದಳು. ಬೆಂಚಿನ ಮೇಲೆ ಕೂತಾಗ ಕೇಳಿದೆ.

‘ನಿನ್ನೆ ಹೇಳಿದ್ದು ಖರೇನೇನವ್ವಾ?’

‘ಇಲ್ಲತ್ತಿ.’

‘ಮತ್ಯಾಕ?’

‘ನಿನ್ನೆ ಅಪ್ಪ ನನಗ ಮಿರ್ಚಿ ತಿನ್ನವ್ವಾ ಅಂತ ತಾನ ತಟ್ಟಿಗೆ ಹಾಕಿದ. ಎಷ್ಟು ತಿಂಗಳಾದ ಮ್ಯಾಲ ನನ್ನ ಕೂಡ ಮಾತಾಡಿದ. ನನಗ ಅದು ಬೇಕಿತ್ತು.’

ರಾಯಚೂರಿನ ಬಸ್ಸು ಬಂತು, ಹತ್ತಿ ಕೂತೆ. ಅವಳು ನನ್ನ ಚೀಲವನ್ನು ಮೇಲಕ್ಕೆ ಎತ್ತಿಕೊಟ್ಟು, ಕಿಟಕಿಯ ಹತ್ತಿರ ನಿಂತಳು. ನಾನು ಅವಳ ಕೈ ಹಿಡಿದು, ‘ಅವರಿಗೆ ಏನರ ಹೇಳ್ಕೋ. ದೇವರ ಕೂಡ ಖರೇ ಮಾತಾಡೋದು ಮಾತ್ರ ಬಿಡಬ್ಯಾಡ’ ಎಂದೆ.

‘ಅದ ಹೋತಲ್ಲ ಅತ್ತಿ’ ಎಂದಳು. ‘ಮದ್ಲ ಕಣ್ಣ ಮುಚ್ಚಿದ್ರ ಅವ ಒಬ್ಬ ಕೇಳ್ತಾನ ಅನಸ್ತಿತ್ತು. ಈಗ ಎಲ್ಲಾರೂ ಕೇಳಾಕತ್ಯಾರ ಅನಸ್ತದ. ಒಬ್ಬಾಕಿನೇ ಇದ್ರೂನೂ.’

ಕಂಡಕ್ಟರ್ ಸೀಟಿ ಊದಿದ. ಅವಳು ಕೈ ಬಿಡಿಸಿಕೊಂಡು ಹಿಂದೆ ಸರಿದಳು.