ಸೊಸೆಯ ಸೈಕಲ್ಲಿಗೆ ಅತ್ತೆಯ ಕಾವಲು

ಕಳೆದ ತಿಂಗಳು ಒಂದು ಭಾನುವಾರ ಹಾಡಹಗಲೇ, ನಮ್ಮ ಮನೆಯ ಜಗಲಿಯಲ್ಲೇ, ನಾನು ಸೈಕಲ್ ಕಳ್ಳನಾಗಿ ಸಿಕ್ಕಿಬಿದ್ದೆ. ಹಿಡಿದುಕೊಟ್ಟವಳು ನನ್ನ ಹೆತ್ತ ತಾಯಿ!

ನಗಬೇಡಿ. ಪೂರ್ತಿ ಕೇಳಿ.

ಟಿ. ನರಸೀಪುರದ ನಮ್ಮ ಬೀದಿಯಲ್ಲಿ ಈಚೆಗೆ ಸೈಕಲ್ ಕಳ್ಳರ ಕಾಟ. ಎದುರು ಮನೆಯವರ ಸೈಕಲ್ಲು ಬೀಗದ ಸಮೇತ ಮಾಯ. (ಹಿಂದಿನ ಚಕ್ರಕ್ಕೆ ಬೀಗ ಹಾಕಿದರೆ ಸಾಕು ಅಂದುಕೊಂಡಿದ್ದರು. ಕಳ್ಳ ಹೆಗಲ ಮೇಲೆ ಹೊತ್ತುಕೊಂಡು ಹೋದ!) ಅಂದಿನಿಂದ ಒಬ್ಬರು ಸೀಟು ಕಳಚಿ ಒಳಗಿಡುತ್ತಾರೆ, ಇನ್ನೊಬ್ಬರು ಟೈರಿನ ಗಾಳಿ ಬಿಟ್ಟು ಮಲಗುತ್ತಾರೆ. ಬೆಳಿಗ್ಗೆ ಎದ್ದು ಪಂಪು ಹೊಡೆಯುವ ಕರ್ಮ ಯಾರಿಗೆ ಬೇಕು?

ನಮ್ಮ ಮನೆಯಲ್ಲಿರುವುದು ನನ್ನ ಹೆಂಡತಿ ಮಂಜುಳಾಳ ಲೇಡೀಸ್ ಸೈಕಲ್ಲು. ಆಕೆ ಸರ್ಕಾರಿ ನರ್ಸು. ಲಸಿಕೆಯ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬಸ್ಸೇ ಹೋಗದ ಹಳ್ಳಿಗಳಿಗೆ ಹೋಗುತ್ತಾಳೆ. ಸೈಕಲ್ಲನ್ನು ಒಳಗಿಡೋಣ ಎಂದರೆ, ನಮ್ಮದು ಚಾಪೆ ಹಾಸಿದರೆ ಬಾಗಿಲು ತೆಗೆಯಲಾಗದ ಮನೆ. 'ಇದೂ ಹೋದ್ರೆ ಟ್ರಾನ್ಸ್‌ಫರ್ ಕೇಳೋದೇ ಕಣ್ರೀ. ಆ ಊರುಗಳಿಗೆ ಇನ್ಯಾರು ಹೋಗ್ತಾರೆ?' ಎಂದು ಮಂಜುಳಾ ಸಪ್ಪಗಾಗಿದ್ದಳು.

ಅವ್ವನ ಮುಂದೆ ಈ ಮಾತು ಎತ್ತುವ ಹಾಗಿರಲಿಲ್ಲ. ಸೈಕಲ್ ಮನೆಗೆ ಬಂದ ದಿನ ಅವಳು ಮುಖ ಊದಿಸಿಕೊಂಡಿದ್ದಳು. 'ಮನೆ ಸೊಸೆ ಸೈಕಲ್ ತುಳ್ಕಂಡು ಓದ್ರೆ ಬೀದೀಲಿ ತಲೆ ಎತ್ತದು ಎಂಗ್ಲಾ?' ಎಂದು ಜಗಳ ಬೇರೆ.

ಹಾಗಾಗಿ ನಾನೇ ಅಂಗಡಿಗೆ ಹೋಗಿ, ಸೈಕಲ್ಲನ್ನು ಜಗಲಿಯ ಕಂಬಕ್ಕೆ ಸೇರಿಸಿ ಬಿಗಿಯುವಂಥ ಉದ್ದನೆಯ ಚೈನು, ಬೀಗ ತಂದೆ. ಮಂಜುಳಾ ನಂಜನಗೂಡಿನ ತವರಿಗೆ ಹೋಗಿದ್ದಳು. ಅವ್ವ ಒಳಗೆ ಊಟ ಮಾಡಿ ಮಲಗಿದ್ದಳು. ಸದ್ದಿಲ್ಲದೆ ಸೈಕಲ್ಲನ್ನು ಕಂಬದತ್ತ ಎಳೆದೆ.

ಢಣ್! ಢಣ್! ಢಣ್!

'ಕಳ್ಳ! ಕಳ್ಳ! ನನ್ ಸೊಸೆ ಸೈಕಲ್ಲು! ಇಡೀರ್ಲಾ ಅವ್ನ!'

ಬೀದಿಗೆ ಬೀದಿಯೇ ಬಂತು. ಎಸ್‌ಟಿಡಿ ಬೂತಿನ ಮಾದಪ್ಪ ಸ್ಟೂಲು ಎತ್ತಿಕೊಂಡೇ ಓಡಿಬಂದವನು 'ಸಾ, ನೀವಾ?' ಎಂದು ನಿಂತ. ಅವ್ವ ಪೊರಕೆ ಹಿಡಿದು ಹೊರಗೆ ಬಂದಳು. ನನ್ನನ್ನು ಕಂಡ ಮೇಲಾದರೂ ಪೊರಕೆ ಇಳಿಸಿದಳೇ? ಇಲ್ಲ.

'ನೀನಾದ್ರೇನ್ಲಾ? ಅವಳ್ನ ಕೇಳ್ದೆ ಯಾಕ್ ಮುಟ್ದೆ?'

ಬಗ್ಗಿ ನೋಡಿದೆ. ಸೀಟಿನ ಕೆಳಗೆ ಒಂದು ಗಂಟೆ. ಹಿಂದೆ ಕವಲಂದೆ ಹಳ್ಳಿಯಲ್ಲಿದ್ದಾಗ ನಮ್ಮ ಮನೆಯ ಕರಿ ಹಸುವಿನ ಕೊರಳಲ್ಲಿದ್ದದ್ದು! ಹಸು ಸತ್ತ ಮೇಲೆ ಅವ್ವ ಅದನ್ನು ಬಟ್ಟೆ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಳು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎದುರು ಮನೆಯ ಸೈಕಲ್ಲು ಹೋದ ದಿನದಿಂದ, ಮಂಜುಳಾ ಬಂದು ಸೈಕಲ್ ನಿಲ್ಲಿಸಿದ ಮೇಲೆ ಕಟ್ಟುವುದು, ಅವಳು ಹೊರಡುವ ಮುಂಚೆ ಬಿಚ್ಚುವುದು. ಯಾರಿಗೂ ಹೇಳಿಲ್ಲ.

'ಬೀಗ ಮುರುದ್ರೆ ಸದ್ದು ಕೇಳ್ತದಾ? ಕೊಟ್ಟಿಗೆ ದನ ಕಾದೋಳ್ಗೆ ಒಂದ್ ಸೈಕಲ್ ಕಾಯಕ್ಕಾಗಕಿಲ್ವಾ?'

'ಸೈಕಲ್ಲೇ ಬ್ಯಾಡ ಅಂದೋಳು ನೀನೇ ಅಲ್ವವ್ವಾ?' ಎಂದೆ.

ಅವ್ವ ಪೊರಕೆ ಕೆಳಗಿಟ್ಟು ಜಗಲಿಯ ಮೇಲೆ ಕುಳಿತಳು.

'ಅಂದಿದ್ದೆ. ಆಮೇಕೆ ಒಂದಿನ ಸಂತೇಲಿ ಒಬ್ಳು ಕೂಸೆತ್ಕಂಡು ಬಂದು, ನರ್ಸಮ್ಮನ ಅತ್ತೆ ನೀವೇನಾ ಅಂತ ಕೈ ಮುಗುದ್ಲು. ಆ ಕೂಸು ಜ್ವರದಲ್ಲಿ ಬಿದ್ದಿದ್ದಾಗ ಇವ್ಳು ಸೈಕಲ್ಲಲ್ಲಿ ಬಂದು ಉಳುಸುದ್ಲಂತೆ. ನಿಮ್ಮಪ್ಪ ಊರೋರ ಮುಂದೆ ಕೈ ಕಟ್ಕಂಡೇ ಬದ್ಕು ಮುಗುಸ್ದ. ನಂಗೆ ಯಾರ್ಲಾ ಕೈ ಮುಗುದಿದ್ರು ಇಲ್ಲೀಗಂಟ?'

ಮಾದಪ್ಪ ಸ್ಟೂಲು ಕೆಳಗಿಟ್ಟ. ನಾನು ಚೈನು, ಬೀಗ ಬದಿಗಿಟ್ಟೆ. ನಾಚಿಕೆಯಿಂದಲ್ಲ ಸ್ವಾಮಿ, ಹೆಮ್ಮೆಯಿಂದ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ, ಇಂಥವಳ ಕೈ ಹಿಡಿದೆನಲ್ಲ ಎನ್ನುವ ಹೆಮ್ಮೆ.

ಸೋಮವಾರ ಬೆಳಿಗ್ಗೆ ಅವ್ವ ಗಂಟೆ ಬಿಚ್ಚಲು ಹೋದಳು. ರಾತ್ರಿಯೇ ತವರಿನಿಂದ ಬಂದು ಬೀದಿಯವರಿಂದ ಕಥೆಯೆಲ್ಲ ಕೇಳಿದ್ದ ಮಂಜುಳಾ ಅವಳ ಕೈ ಹಿಡಿದು, 'ಇರ್ಲಿ ಬಿಡಿ ಅತ್ತೆ, ಜೊತೆಗೆ ಬರ್ಲಿ' ಎಂದಳು. ಈಗ ಆ ಹಳ್ಳಿಗಳಲ್ಲಿ ಗಂಟೆ ಕೇಳಿದರೆ ಬಾಣಂತಿಯರು ಹೊರಗೆ ಬರುತ್ತಾರಂತೆ. (ಮಕ್ಕಳು ಸೂಜಿಗೆ ಹೆದರಿ ಹಿತ್ತಲಿಗೆ ಓಡುತ್ತವಂತೆ!)

ಸೈಕಲ್ಲಿಗೆ ಬೀಗ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಇಂಥ ಅತ್ತೆ ಎಲ್ಲಿ ಸಿಗುತ್ತಾಳೆ, ಹೇಳಿ?