ಗಾಜು ಒಡೆದ ಪುಟ್ಟಬಸಪ್ಪ

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದೆ ಪುಟ್ಟಬಸಪ್ಪನ ರಿಪೇರಿ ಶೆಡ್ಡು. ಲಾರಿಯ ಮೀಟರು, ಗೋಡೆ ಗಡಿಯಾರ, ಅಂಗಡಿಯ ತಕ್ಕಡಿ, ಏನನ್ನು ಬೇಕಾದರೂ ಅಲ್ಲಿಗೆ ಒಯ್ಯಬಹುದು. ಗಾಜಿನ ಮಾತು ಮಾತ್ರ ಎತ್ತಬಾರದು. ಎತ್ತಿದವನ ಸಾಮಾನು ಬೀದಿಗೆ ಬೀಳುತ್ತದೆ. "ಎದ್ರಿಕೊಂಡು ಗಾಜ್ ಒಡ್ದೋನು" ಎಂದು ಚಾಮರಾಜನಗರದಿಂದ ಇಲ್ಲಿಯವರೆಗೂ ಸಾರಿದವನು ಅಕ್ಕಿ ಗಿರಣಿಯ ಮರಿಮಲ್ಲಪ್ಪ. ಯಾವನ ಪ್ರಾಣ ಉಳಿಸಿದನೋ ಅವನ ಬಾಯಿಂದಲೇ ಈ ಹೆಸರು ಬಂತಲ್ಲ ಎಂಬ ಉರಿ ಪುಟ್ಟಬಸಪ್ಪನ ಹೊಟ್ಟೆಯಲ್ಲಿ ಇಂದಿಗೂ ಆರಿಲ್ಲ.

ಭೀಮನಬೀಡಿನ ಈತ ಓದಿದ್ದು ನಾಲ್ಕನೇ ಕ್ಲಾಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಹೋಗಿ ವಿಮಾನದ ಎತ್ತರ, ವೇಗ ತೋರಿಸುವ ಗಡಿಯಾರಗಳನ್ನು ಬಿಚ್ಚಿ ಕೂರಿಸುವ ಕೆಲಸ ಕಲಿತ. ಯುದ್ಧ ಮುಗಿಯಿತು, ಕೆಲಸವೂ ಮುಗಿಯಿತು; ಗುಂಡ್ಲುಪೇಟೆಗೆ ಬಂದು ಈ ಶೆಡ್ಡು ಹಾಕಿದ. ಇತ್ತ ಮರಿಮಲ್ಲಪ್ಪನಿಗೆ ಹಾರುವ ಹುಚ್ಚು. ಬೆಂಗಳೂರಿನಲ್ಲಿ ಹಾರಾಟ ಕಲಿತು ಬಂದು, ಗಿರಣಿಯ ಗೋದಾಮಿನಲ್ಲಿ ಮೂರು ವರ್ಷ ಕೂತು, ಮರ, ಬಟ್ಟೆ, ಯುದ್ಧದಲ್ಲಿ ಉಳಿದ ಒಂದು ಇಂಜಿನ್ನು ಸೇರಿಸಿ ಇಬ್ಬರು ಕೂರುವ ವಿಮಾನವನ್ನು ತಾನೇ ಕಟ್ಟಿದ. ಬದನಗುಪ್ಪೆಯ ಹತ್ತಿರ ಅವನದೇ ಬಯಲಿನಿಂದ ಅದು ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಮೋಡ ಕಂಡರೆ ಬಾಲ ಮುದುರಿಕೊಂಡು ಹಿಂದಿರುಗಬೇಕು. ಆ ಅವಮಾನ ಅವನಿಂದ ಸಹಿಸಲಾಗಲಿಲ್ಲ. ಸಾವಿರದ ಒಂಬೈನೂರ ಐವತ್ತನಾಲ್ಕರ ಬೇಸಿಗೆಯಲ್ಲಿ ಪುಟ್ಟಬಸಪ್ಪನ ಶೆಡ್ಡಿಗೆ ಬಂದ.

"ಕಣ್ ಕಟ್ಕೊಂಡ್ರೂ ಹಾರ್ಬೇಕು ಕಣ್ಲಾ, ಅಂಥಾ ಗಡಿಯಾರಗಳ ಹಾಕ್ಕೊಡು."

"ಹಾಕ್ಕೊಡ್ತೀನಿ ಸಾವ್ಕಾರ್ರೇ. ಆದ್ರೆ ಮೋಡದೊಳಗೆ ಗಡಿಯಾರ ಹೇಳ್ದಂಗೇ ಕೇಳ್ಬೇಕು. ನೀವು ಯಾರ್ ಮಾತೂ ಕೇಳೋರಲ್ಲ."

"ಗಡಿಯಾರ ನಿನ್ನಂಗೆ ಎದುರು ಮಾತಾಡಲ್ವಲ್ಲ, ಕೇಳ್ತೀನಿ ಬುಡ್ಲಾ!"

ಬೆಂಗಳೂರಿನ ಗುಜರಿ ಅಂಗಡಿಗಳನ್ನು ಇಬ್ಬರೂ ಜಾಲಾಡಿದರು. ಒಳಗೆ ಬುಗುರಿ ತಿರುಗಿ, ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಗಡಿಯಾರ ಸಿಕ್ಕಿತು. ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವ ಇನ್ನೊಂದು ಸಿಕ್ಕಾಗ ಮರಿಮಲ್ಲಪ್ಪ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದ. ಮೊದಲೇ ಇದ್ದ, ಎತ್ತರ ತೋರಿಸುವ ಗಡಿಯಾರ ವಿಮಾನದ ಒಳಗಿನ ಗಾಳಿಯಲ್ಲೇ ಉಸಿರಾಡುತ್ತಿತ್ತು. ಕಿಟಕಿ ತೆರೆದರೆ ಮುಳ್ಳು ನಡುಗುತ್ತಿತ್ತು. ಹೊರಗಿನ ಗಾಳಿಯ ಒತ್ತಡ ಗಡಿಯಾರಕ್ಕೆ ತಿಳಿಯಲೆಂದು ಪುಟ್ಟಬಸಪ್ಪ ತಾಮ್ರದ ಸಣ್ಣ ನಳಿಕೆ ಎಳೆದು, ಹೊರಮೈಯಲ್ಲಿ ಎಳ್ಳುಕಾಳಿನಷ್ಟು ತೂತು ಕೊರೆದ. ಎತ್ತರ, ವೇಗ, ಏರಿಳಿತ, ಮೂರು ಗಡಿಯಾರಕ್ಕೂ ಅದೊಂದೇ ಮೂಗು.

ಆಯುಧಪೂಜೆ ಬಂತು. ಮರಿಮಲ್ಲಪ್ಪನ ತಾಯಿ ದೊಡ್ಡಮಲ್ಲಮ್ಮ ಗಿರಣಿಗೆ, ಗಾಡಿಗೆ ಪೂಜೆ ಮುಗಿಸಿ, ವಿಭೂತಿ ಕಲಸಿದ ಬಟ್ಟಲು ಹಿಡಿದು ವಿಮಾನದ ಬಳಿ ಬಂದಳು.

"ಇದ್ಯಾವ್ ತೂತ್ಲಾ, ಪುಟ್ಟಬಸ?"

"ಅದು ಉಸ್ರಾಡೋ ಮೂಗು ಕಣವ್ವ."

"ಮೂಗಿಗೂ ಇಟ್ರೆ ಒಳ್ಳೇದಲ್ವಾ?" ಎಂದು ಮುದುಕಿ ಹೆಬ್ಬೆರಳಲ್ಲಿ ಒತ್ತಿಯೇ ಬಿಟ್ಟಳು.

ಅವಳು ಅತ್ತ ಹೋಗಲಿ, ಒರೆಸಿದರಾಯಿತು ಎಂದು ಪುಟ್ಟಬಸಪ್ಪ ಬಟ್ಟೆ ನೆನೆಸಿಕೊಂಡು ನಿಂತ. ರೆಕ್ಕೆಯ ಧೂಳು ಒರೆಸಿ ತೂತಿನ ಕಡೆ ತಿರುಗುವಷ್ಟರಲ್ಲಿ ಮರಿಮಲ್ಲಪ್ಪ ಒಳಗಿಂದ ಕೂಗಿದ: "ಹತ್ಲಾ ಸಾಕು! ಎಮ್ಮೆ ಮೈ ತೊಳ್ದಂಗೆ ಎಷ್ಟೊತ್ಲಾ ಉಜ್ತೀಯ?" ಕೂಡಿದ್ದ ಜನ ನಕ್ಕರು. ಪುಟ್ಟಬಸಪ್ಪನ ಪಿತ್ತ ನೆತ್ತಿಗೇರಿತು. ತೂತು ಒರೆಸದೆಯೇ ಬಟ್ಟೆಯನ್ನು ನೆಲಕ್ಕೆ ಬಿಸಾಡಿ ಹತ್ತಿ ಕೂತ.

ಉಡಿಗಾಲದ ಹೊಲಗಳು ಕೆಳಗೆ ಜಾರಿದವು. ಮುಳ್ಳುಗಳೆಲ್ಲ ಸರಿಯಾಗಿಯೇ ಆಡುತ್ತಿದ್ದವು, ಏಕೆಂದರೆ ಒಣಗಿದ ವಿಭೂತಿ ಬಿರುಕು ಬಿಟ್ಟು ಗಾಳಿಗೆ ದಾರಿ ಕೊಟ್ಟಿತ್ತು. ಗುಂಡ್ಲುಪೇಟೆ ದಾಟಿದ ಮೇಲೆ ಮೋಡ. ಮರಿಮಲ್ಲಪ್ಪ ಬೇಕೆಂದೇ ಅದರೊಳಕ್ಕೆ ನುಗ್ಗಿದ. ರೆಕ್ಕೆಯ ತುದಿ ಮಾಯವಾಯಿತು. ಆಕಾಶವಿಲ್ಲ, ನೆಲವಿಲ್ಲ. ಗಾಜಿನ ಮುಚ್ಚಳ ಹಾಕಿದ ಪೆಟ್ಟಿಗೆಯಲ್ಲಿ ಭುಜಕ್ಕೆ ಭುಜ ತಗುಲಿಸಿಕೊಂಡ ಇಬ್ಬರು ಗಂಡಸರು, ಸುತ್ತ ಹಿಂಡಿದ ಹತ್ತಿಯಂಥ ಬಿಳುಪು.

ಸ್ವಲ್ಪ ಹೊತ್ತಿಗೆ ವೇಗದ ಮುಳ್ಳು ಮೇಲೇರತೊಡಗಿತು. ಮರಿಮಲ್ಲಪ್ಪ ಇಂಜಿನ್ನಿನ ಗ್ಯಾಸು ಕಡಿಮೆ ಮಾಡಿದ. ಅದು ಮತ್ತೂ ಏರಿತು. ಮತ್ತೂ ಕಡಿಮೆ ಮಾಡಿದ. ಪುಟ್ಟಬಸಪ್ಪನಿಗೆ ಊಟಿ ಘಾಟಿ ಇಳಿಯುವ ಬಸ್ಸಿನಲ್ಲಿ ಆಗುವಂತೆ ಎರಡು ಕಿವಿಯೂ ಮುಚ್ಚಿಕೊಂಡವು.

"ಸಾವ್ಕಾರ್ರೇ, ಇಳೀತಾ ಇದ್ದೀವಿ."

"ಕಣ್ ಬುಟ್ ನೋಡ್ಲಾ. ಐದೂವರೆ ಸಾವ್ರ ಅಡಿ, ಮುಳ್ಳು ಕದಲಿಲ್ಲ. ಗಡಿಯಾರದ್ ಮಾತ್ ಕೇಳಿ ಅಂದೋನು ನೀನೇ ತಾನೆ?"

ಪುಟ್ಟಬಸಪ್ಪನಿಗೆ ತನ್ನ ಮಾತೇ ಬೋನಾಯಿತು. ಹಾರುವ ವಿಮಾನದಲ್ಲಿ ಮುಳ್ಳು ಇಷ್ಟು ಕಲ್ಲಿನಂತೆ ಕೂರುವುದುಂಟೆ? ಆಗ ಮುದುಕಿಯ ಹೆಬ್ಬೆರಳು ನೆನಪಾಯಿತು. ಮೋಡದ ತೇವಕ್ಕೆ ವಿಭೂತಿ ಮತ್ತೆ ಮೆತ್ತಗಾಗಿ ಮೂಗು ಮುಚ್ಚಿದೆ; ಮೇಲಿನ ಗಾಳಿ ನಳಿಕೆಯಲ್ಲೇ ಸಿಕ್ಕಿಕೊಂಡು ಎತ್ತರದ ಮುಳ್ಳೂ ವೇಗದ ಮುಳ್ಳೂ ಸುಳ್ಳು ಹೇಳುತ್ತಿವೆ. ತೂತು ಹೊರಗಿದೆ, ಕೈಗೆ ಸಿಗದು. ಗೋಪಾಲಸ್ವಾಮಿ ಬೆಟ್ಟ ಎಲ್ಲೋ ಎದುರಿಗೇ ಇದೆ. ವಿವರಿಸುವ ಹೊತ್ತಲ್ಲ. ಸೀಟಿನ ಕೆಳಗಿನ ಸ್ಪ್ಯಾನರ್ ತೆಗೆದು, ಮೂರರಲ್ಲಿ ಇಲ್ಲದಿದ್ದರೂ ನಡೆಯುವ ಏರಿಳಿತದ ಗಡಿಯಾರದ ಗಾಜಿಗೆ ಬೀಸಿದ.

"ಅಯ್ಯೋ, ಏನ್ಲಾ ಮಾಡ್ಬುಟ್ಟೆ!"

ವಿಮಾನದ ಒಳಗಿನ ಗಾಳಿ ಒಡೆದ ಗಾಜಿನಿಂದ ನಳಿಕೆಗೆ ನುಗ್ಗಿತು. ಎತ್ತರದ ಮುಳ್ಳು ಬಾವಿಗೆ ಬಿದ್ದ ಕೊಡದಂತೆ ಇಳಿದು ನಾಲ್ಕೂವರೆ ಸಾವಿರದಲ್ಲಿ ನಿಂತಿತು. ಬೆಟ್ಟದ ತಲೆಗಿಂತ ಕೆಳಗೆ.

"ಎತ್ಲಾ ಮೂತಿಯ! ಗ್ಯಾಸ್ ಕೊಡ್ಲಾ!" ಪುಟ್ಟಬಸಪ್ಪ ಅರಚಿದ.

ಮರಿಮಲ್ಲಪ್ಪ ಹಿಡಿಕೋಲು ಎಳೆದ. ಚಕ್ರದ ಕೆಳಗೆ ಒಂದು ಬಂಡೆ, ಒದ್ದೆ ಹುಲ್ಲು, ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡು ಮಾಯವಾದವು.

ಬದನಗುಪ್ಪೆ ಬಯಲಿನಲ್ಲಿ ಇಳಿದಾಗ ಜನ ಸುತ್ತುವರಿದರು. ಒಡೆದ ಗಡಿಯಾರ ಎಲ್ಲರಿಗೂ ಕಂಡಿತು. "ಯಾಕ್ಲಾ ಒಡ್ದೆ?" ಎಂದು ಮರಿಮಲ್ಲಪ್ಪ ಅವರೆದುರಿಗೇ ಕೇಳಿದ. ಪುಟ್ಟಬಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡಮಲ್ಲಮ್ಮ ಬಂದು, ಅದೇ ಹೆಬ್ಬೆರಳಿನಿಂದ ಅವನ ಹಣೆಗೆ ವಿಭೂತಿ ಎಳೆದಳು. "ನಾನಿಟ್ಟ ಈಬೂತಿ ನಿಮ್ಮಿಬ್ಬರ್ನೂ ಕಾಪಾಡ್ತು ಕಣಪ್ಪ."

ಆ ಮುಖದೆದುರು ಏನು ಹೇಳುವುದು? "ಕೈ ತಪ್ತು" ಎಂದ.

"ಎದ್ರಿಕೊಂಡೆ ಅನ್ಲಾ!" ಮರಿಮಲ್ಲಪ್ಪ ನಕ್ಕ. ಕೂಲಿ ಫಿಟ್ಟರನೊಬ್ಬ ತನಗೆ 'ಲಾ' ಅಂದದ್ದು ಅವನ ಗಂಟಲಲ್ಲಿ ಮುಳ್ಳಾಗಿತ್ತು. ಸಂಜೆ ಪುಟ್ಟಬಸಪ್ಪ ಸೂಜಿಯಿಂದ ತೂತು ಕೆದಕಿದಾಗ ಬಿಳಿಯ ಮುದ್ದೆ ಹೊರಬಂತು. ಪಕ್ಕದಲ್ಲೇ ನಿಂತಿದ್ದ ಮರಿಮಲ್ಲಪ್ಪ ಅದನ್ನು ನೋಡಿದ, ಮುಖ ತಿರುಗಿಸಿ ಹೋದ. ಮಾರನೆಯ ದಿನದಿಂದ ಊರೆಲ್ಲ ಅದೇ ಹೆಸರು.

ಮುದುಕಿ ಬದುಕಿದ್ದ ನಾಲ್ಕು ವರ್ಷವೂ ಪುಟ್ಟಬಸಪ್ಪ ಬಾಯಿ ಕಟ್ಟಿಕೊಂಡಿದ್ದ. ಪ್ರತಿ ಆಯುಧಪೂಜೆಗೂ ಅವಳು ವಿಭೂತಿಯ ಪೊಟ್ಟಣ ಕಳಿಸುತ್ತಿದ್ದಳು, ಅವನು ಹಚ್ಚಿಕೊಳ್ಳುತ್ತಿದ್ದ. ಅವಳು ಲಿಂಗೈಕ್ಯಳಾದ ತಿಂಗಳಿಗೆ ಮರಿಮಲ್ಲಪ್ಪ ಶೆಡ್ಡಿಗೆ ಬಂದು, ಬಟ್ಟೆ ಗಂಟು ಬಿಚ್ಚಿ ಆ ಗಡಿಯಾರ ಇಟ್ಟ.

"ಇದಕ್ಕೊಂದು ಗಾಜ್ ಹಾಕ್ಕೊಡು."

"ಹಾಕ್ತೀನಿ. ಅವತ್ತು ಯಾಕ್ ಒಡ್ದೆ ಅಂತ ಬಸ್ ಸ್ಟ್ಯಾಂಡಲ್ಲಿ ನಿಂತು ನಾಕ್ ಜನಕ್ಕೆ ಹೇಳ್ಬುಟ್ಟು ಬನ್ನಿ."

ಮರಿಮಲ್ಲಪ್ಪ ಬಾಗಿಲ ಕಡೆ ತಿರುಗಿದ. "ತೂತು ಒರೆಸೋ ಬಟ್ಟೆ ಯಾರ್ ಬಿಸಾಕಿದ್ರು ಅಂತಾನೂ ಹೇಳ್ಬೇಕಾ?" ಎಂದ.

ಮರಿಮಲ್ಲಪ್ಪ ಹೊರಟುಹೋದ. ಗಡಿಯಾರ ಇಂದಿಗೂ ಶೆಡ್ಡಿನ ಹಲಗೆಯ ಮೇಲಿದೆ. ಮರಿಮಲ್ಲಪ್ಪನ ಬಾಯಿಂದ ಆ ಮಾತು ಬಂದಿಲ್ಲ, ಗಾಜು ಕೂತಿಲ್ಲ.