ತೋಳಿನ ಪಟ್ಟಿಯಿಂದ ತೆಗೆದ ಎಳೆ

ಸೊಸೆ ಮಾಡಿಸಿದ ಸ್ವೆಟರಿಗೆ ಕತ್ತರಿ ಹಾಕಿದ್ದು ನಾನು. ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡಿಕೊಂಡೇ ಮುದುಕನಾದವನು ನಾನು. ಅಪ್ಪಟ ರೇಷ್ಮೆ ಎಂದು ಯಾರೇ ಹೇಳಲಿ, ಸೆರಗಿನ ತುದಿಯಿಂದ ಒಂದೆಳೆ ಕಿತ್ತು ಬೆಂಕಿ ಕಡ್ಡಿಗೆ ಹಿಡಿಯದೆ ನಂಬಿದವನಲ್ಲ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಂಟು ಕಟ್ಟಿದರೆ ಪ್ಲಾಸ್ಟಿಕ್.

ಚಿಟ್ಟೆ ಹೊರಬಿದ್ದ ಮೇಲೆ ಉಳಿಯುವ ತೂತು ಗೂಡುಗಳಿಂದ ನೂಲು ತೆಗೆಸಿ, ಯಳಂದೂರಿನಿಂದ ತಂದ ಅಳಲೆಕಾಯಿಯಲ್ಲಿ ಬಣ್ಣ ಕಟ್ಟಿ, ಸೊಸೆ ಸ್ವೆಟರುಗಳ ವಿನ್ಯಾಸ ಶುರುಮಾಡಿದ್ದಳು. ಹೆಣೆಯಲು ಕಾಮಗೆರೆಯಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಬರುತ್ತಿದ್ದಳು. ಸಗಟು ಕೊಳ್ಳುವಾಕೆಗೆ ಮೊದಲ ಮಾದರಿ ಒಪ್ಪಿಗೆಯಾದರೆ ಅವಳಿಗೆ ವರ್ಷಪೂರ್ತಿ ಕೆಲಸ.

“ಒಂದೆಳೆ ಪ್ಲಾಸ್ಟಿಕ್ಕೂ ಇಲ್ಲ ಮಾವ. ಹಳೇದಾದ್ರೆ ಬಿಚ್ಚಿ ಮತ್ತೆ ಹೆಣೀಬೋದು. ತಿಪ್ಪೆಗಾಕುದ್ರೂ ಗೊಬ್ಬರ ಆಯ್ತದೆ,” ಎಂದಳು ಸೊಸೆ.

ಹೆಣೆದು ಮುಗಿದಿದ್ದ ಆ ಮಾದರಿಯ ತೋಳಿನ ತುದಿಯ ಪಟ್ಟಿಯನ್ನು ಎಳೆದು ಬಿಟ್ಟೆ. ರಬ್ಬರಿನಂತೆ ಮುದುರಿಕೊಂಡಿತು. ನಾನು ಕಂಡ ಯಾವ ರೇಷ್ಮೆಯೂ ಹಾಗೆ ಮಾಡಿದ್ದಿಲ್ಲ.

“ಇದ್ಕೇನ್ ಸೇರ್ಸಿದ್ದೀಯಮ್ಮ?” ಎಂದು ಹೆಣೆಯುವವಳನ್ನು ಕೇಳಿದೆ.

“ಏನೂ ಇಲ್ಲ ಕಣ್ರಿ. ಒಂದ್ ಕುಣಿಕೆ ಸೀದಾ, ಒಂದ್ ಉಲ್ಟಾ ಆಕುದ್ರೆ ತಾನೇ ಮುದುರ್ಕತದೆ. ನಿಮ್ ಅನ್ಮಾನನೂ ಸೇರ್ಸಿದ್ರೆ ಇನ್ನೂ ಬಿಗಿಯಾಯ್ತಿತ್ತು, ಯಜಮಾನ್ರೇ!”

ಸೊಸೆ ನಕ್ಕಳು. ನನಗೆ ಆ ಉತ್ತರ ಅಷ್ಟು ಸಲೀಸಾಗಿ ಬಂದದ್ದೇ ಸರಿಕಾಣಲಿಲ್ಲ. ಸೊಸೆಯ ಕಣ್ಣು ತಪ್ಪಿಸಿ ಬೇರೆ ನೂಲು ಬೆರೆಸುತ್ತಾಳೆ ಎಂದೇ ತೀರ್ಮಾನಿಸಿದೆ. ಇಬ್ಬರೂ ನೂಲು ಒಣಹಾಕಲು ತಾರಸಿಗೆ ಹೋದಾಗ ಪಟ್ಟಿಯಲ್ಲಿ ಒಂದೆಳೆ ಕತ್ತರಿಸಿ, ಬೆರಳುದ್ದ ಎಳೆದುಕೊಂಡು ಸುಟ್ಟೆ. ಕೂದಲಿನ ವಾಸನೆ. ಪುಡಿ ಬೂದಿ. ನನಗೆ ನಿರಾಸೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಸೀರೆಯಲ್ಲಿ ಒಂದೆಳೆ ಹೋದರೆ ಯಾರಿಗೂ ತಿಳಿಯದು. ಹೆಣಿಗೆಯಲ್ಲಿ ಒಂದು ಕುಣಿಕೆಯನ್ನು ಇನ್ನೊಂದು ಹಿಡಿದಿರುತ್ತದೆ. ಕೊಳ್ಳಲು ಬಂದಾಕೆ ತೋಳಿಗೆ ಕೈ ತೂರಿಸಿದ್ದೇ ತಡ, ಪಟ್ಟಿ ಬಾಯಿಬಿಟ್ಟಿತು. ಆಕೆ ಸ್ವೆಟರನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದರು.

ಸೊಸೆ ಎಳೆಯ ತುದಿ ನೋಡಿ ಹೆಣೆಯುವವಳತ್ತ ತಿರುಗಿದಳು. “ಇದು ತಾನಾಗಿ ಬಿಚ್ಚಿದ್ದಲ್ಲ, ಕತ್ರಿ ಬಿದ್ದದೆ. ಕೊನೇಲಿ ಮುಟ್ಟಿದ್ದು ನೀನೇ ಅಲ್ವಾ?”

“ನನ್ ಅನ್ನಕ್ಕೆ ನಾನೇ ಕತ್ರಿ ಆಕಂಡೇನಾ ಅಕ್ಕ?” ಎಂದು ಆ ಹೆಂಗಸು ಹೆಣಿಗೆ ಕಡ್ಡಿಗಳನ್ನು ಎತ್ತಿಕೊಂಡು ಎದ್ದುಹೋದಳು. ನಾನು ಪೇಪರು ಓದುತ್ತಾ ಕುಳಿತೇ ಇದ್ದೆ.

ಮರುದಿನ ತಡೆಯಲಾರದೆ ಹನೂರು ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದು, ಅವಳ ಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ.

“ನಂಗ್ಯಾಕೆ ಏಳೀರಿ? ನಾನು ಕತ್ರಿಸಿಲ್ಲ ಅಂತ ನಂಗೊತ್ತು. ನಿಮ್ ಸೊಸೆಗೆ ಏಳೋಗಿ,” ಎಂದಳು.

ಬಂದು ಹೇಳಿದೆ. ಸೊಸೆ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿ ಹೊರಟು, ಅವಳನ್ನು ಕರೆತಂದಳು. ಪಟ್ಟಿ ಬಿಚ್ಚಿ ಮತ್ತೆ ಹೆಣೆದದ್ದಾಯಿತು. ಕೊಳ್ಳುವಾಕೆ ಮಾತ್ರ ತಿರುಗಿ ಬಂದಿಲ್ಲ. ಈಗ ಆ ಹೆಂಗಸು ಅರ್ಧ ಹೆಣೆದದ್ದನ್ನೂ ಸಂಜೆ ತನ್ನೂರಿಗೇ ಒಯ್ಯುತ್ತಾಳೆ. ಈ ಮನೆಯಲ್ಲಿ ಬಿಟ್ಟುಹೋಗುವುದಿಲ್ಲ.